ಕೆಂಪಿಯ ಬೆನ್ನಿನ ಅಳತೆ

ಸಿಟ್ಟು ಬಂದದ್ದರಿಂದಲೇ ಆ ವರ್ಷ ತನ್ನ ಗಂಡ ಬದುಕಿ ಉಳಿದ ಎಂದು ಕುದುರೆಗೆ ಜೀನು ಹೊಲಿಯುವ ದೊಡ್ಡಪ್ಪನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಹೇಳುವಾಗ ನಗುವುದಿಲ್ಲ.

ಅವನೇನು ಊರಿಗೆಲ್ಲ ದೊಡ್ಡಪ್ಪನಾಗಿ ಹುಟ್ಟಿದವನಲ್ಲ. ತಮ್ಮನಿಗೆ ಒಬ್ಬಳೇ ಮಗಳು, ಪುಟ್ಟಿ. ತಾಯಿಯಿಲ್ಲದೆ ಕುದುರೆ ಲಾಯದ ಹುಲ್ಲಿನ ಮೇಲೆ ಬೆಳೆದ ಹುಡುಗಿ. ಅವಳು ಕರೆದದ್ದನ್ನು ಕೇಳಿ ಸವಾರಿ ಶಾಲೆಯವರೆಲ್ಲ ಹಾಗೇ ಕರೆಯತೊಡಗಿದರು. ಅವನಿಗಿಂತ ವಯಸ್ಸಿನಲ್ಲಿ ಹಿರಿಯರಾದವರೂ ಹರಿದ ಲಗಾಮು ಹಿಡಿದು ಬಂದು "ದೊಡ್ಡಪ್ಪ, ಸ್ವಲ್ಪ ನೋಡಿ" ಎನ್ನುತ್ತಿದ್ದರು. ಸ್ವಂತ ಮಕ್ಕಳಿಲ್ಲದ ಅವನಿಗೆ ಇದು ಒಳಗೊಳಗೇ ಹಿಡಿಸಿತ್ತು. ಮೇಲೆ ಮಾತ್ರ ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದ. ಹುಬ್ಬು ಇಳಿಸಿದರೆ ಕೈಯ ಕೆಲಸ ಕೆಡುತ್ತದೆ ಎಂಬ ನಂಬಿಕೆಯವನು.

ಅವನ ಅಂಗಡಿ ಇದ್ದದ್ದು ಸವಾರಿ ಶಾಲೆಯ ಹಿಂದಿನ ಬೀದಿಯಲ್ಲಿ. ಒಳಗೆ ಕಾಲಿಟ್ಟರೆ ಚರ್ಮ, ಮೇಣ ಮತ್ತು ಕುದಿಸಿದ ಅಂಟಿನ ವಾಸನೆ. ತಲೆಯ ಮೇಲೆ ಕೊಕ್ಕೆಗಳಿಂದ ಜೀನಿನ ಮರದ ಚೌಕಟ್ಟುಗಳು ನೇತಾಡುತ್ತಿದ್ದವು. ಜೀನು ನೋಡಿದವರಿಗೆ ಚರ್ಮ ಕಾಣುತ್ತದೆ, ಹೊಲಿಗೆ ಕಾಣುತ್ತದೆ. ಒಳಗಿನ ಈ ಚೌಕಟ್ಟು ಕಾಣುವುದಿಲ್ಲ. ಸವಾರನ ಭಾರ ಒಂದೇ ಕಡೆ ಬೀಳದಂತೆ ಕುದುರೆಯ ಬೆನ್ನುದ್ದಕ್ಕೂ ಹಂಚುವುದು ಅದೇ. ದೊಡ್ಡಪ್ಪ ಅದನ್ನು ಗಟ್ಟಿ ಮರದಲ್ಲಿ, ಇದ್ದಲ್ಲಿಂದ ಎಳ್ಳಷ್ಟೂ ಅಲುಗದಂತೆ ಮಾಡುತ್ತಿದ್ದ. ಅಪ್ಪ ಕಲಿಸಿದ್ದು ಅದು, ಅವನಿಗೆ ಬರುತ್ತಿದ್ದುದೂ ಅದೊಂದೇ, ಅವನು ಗೌರವಿಸುತ್ತಿದ್ದುದೂ ಅದೊಂದನ್ನೇ.

ತಮ್ಮ ಆ ಶಾಲೆಯಲ್ಲಿ ಸವಾರಿ ಕಲಿಸುತ್ತಿದ್ದ. ಕೆಂಪಿ ಅವನು ಏರುತ್ತಿದ್ದ ಕುದುರೆ; ಹೆಸರಿಗೆ ತಕ್ಕ ಬಣ್ಣ, ಗುರುತಿಲ್ಲದವರು ಹತ್ತಿರ ಬಂದರೆ ಮೂತಿ ಸೊಟ್ಟ ಮಾಡುವ ಸ್ವಭಾವ. ತಮ್ಮ ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ, ತಾನು ಏಳುವವರೆಗೆ ಕೆಂಪಿಯ ಮೇಲೆ ಬೇರೆ ಯಾರೂ ಕೂರುವುದು ಬೇಡ ಎಂದ. ಬೇಗ ಏಳುತ್ತೇನೆ ಎಂದು ಅವನು ನಂಬಿದ್ದ. ಉಳಿದವರು ನಂಬಿದಂತೆ ನಟಿಸಿದರು. ಬೇಸಿಗೆ ಕಳೆಯಿತು, ಮಳೆ ಬಂತು, ಚಳಿ ಬಂತು. ಮನೆಯಲ್ಲಿ ತಮ್ಮ ದಿನದಿನಕ್ಕೆ ಇಳಿದುಹೋದ. ಲಾಯದಲ್ಲಿ ನಿಂತಲ್ಲೇ ನಿಂತು ಕೆಂಪಿಯೂ ಇಳಿದುಹೋಯಿತು. ದುಂಡಗಿದ್ದ ಬೆನ್ನಿನ ಎರಡು ಪಕ್ಕದ ಮಾಂಸ ಕರಗಿ, ನಡುವೆ ಬೆನ್ನೆಲುಬು ಎದ್ದು ನಿಂತಿತು.

ದೊಡ್ಡಪ್ಪ ತಮ್ಮನನ್ನು ನೋಡಲು ಹೋಗಲಿಲ್ಲವೆಂದಲ್ಲ. ಹೋಗುತ್ತಿದ್ದ, ಬಾಗಿಲ ತನಕ. ಒಳಗಿನ ಔಷಧಿಯ ವಾಸನೆ ಮೂಗಿಗೆ ಬಡಿಯುತ್ತಲೇ ಯಾರದೋ ಜೀನಿನಲ್ಲಿ ಕಾಲಿಡುವ ರಿಕಾಪಿನ ಪಟ್ಟಿ ಕಿತ್ತುಹೋಗಿದೆ, ತುರ್ತು ಎಂದು ಹೇಳಿ ಬಂದ ಕಾಲಲ್ಲೇ ಹಿಂದಿರುಗುತ್ತಿದ್ದ. ರೋಗಿಯ ಮೈ ತೊಳೆದವಳು, ಬಾಯಿಗೆ ತುತ್ತಿಟ್ಟವಳು ಅವನ ಹೆಂಡತಿ. ಆ ವರ್ಷ ಊರಿನಲ್ಲಿ ಕಿತ್ತುಹೋದ ಪಟ್ಟಿಗಳಿಗೆ ಲೆಕ್ಕವೇ ಇಲ್ಲ ಎಂದು ಅವಳು ಒಮ್ಮೆ ಚುಚ್ಚಿದಳು.

ತಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪ ಅಂಗಡಿಗೆ ಬೀಗ ಹಾಕಿ ಬಂದು ಮಲಗಿದ. ಗೋಡೆಯ ಕಡೆ ಮುಖ ಮಾಡಿದವನು ಜಪ್ಪಯ್ಯ ಅಂದರೂ ಏಳಲೊಲ್ಲ. ಊಟದ ತಟ್ಟೆ ಹೋದ ಹಾಗೆ ವಾಪಸ್ಸು ಬರುತ್ತಿತ್ತು. ಹೆಂಡತಿ ಬೈದಳು, ಅತ್ತಳು, ಡಾಕ್ಟರನ್ನು ಕರೆಸಿದಳು. ಡಾಕ್ಟರು ನಾಡಿ ಹಿಡಿದು, ಮೈಯಲ್ಲಿ ಏನೂ ತೊಂದರೆ ಇಲ್ಲ, ಮನಸ್ಸು ಮಾಡಬೇಕು ಅಷ್ಟೆ ಎಂದು ಹೇಳಿ ಹೋದರು. ಮನಸ್ಸು ಎಲ್ಲಿ ಸಿಗುತ್ತದೆ ಎಂದು ಮಾತ್ರ ಹೇಳಲಿಲ್ಲ.

ಆಗ ಒಂದು ಮಧ್ಯಾಹ್ನ ಪುಟ್ಟಿ ಬಂದಳು. ಅಪ್ಪನ ಕೆಲಸ ಈಗ ಅವಳದಾಗಿತ್ತು. ಸಣ್ಣ ಮಕ್ಕಳಿಗೆ ಸವಾರಿ ಕಲಿಸುತ್ತಿದ್ದಳು. ಬಂದವಳು ಮಂಚದ ತುದಿಯಲ್ಲಿ ಕೂತು ದೊಡ್ಡಪ್ಪನ ಬೆನ್ನಿಗೆ ವಿಷಯ ಹೇಳಿದಳು. ಕೆಲಸ ಮಾಡದ ಕುದುರೆಗೆ ಲಾಯದಲ್ಲಿ ಜಾಗ ಇಟ್ಟುಕೊಳ್ಳಲು ಇನ್ನು ಆಗುವುದಿಲ್ಲ ಎಂದು ಶಾಲೆಯ ಯಜಮಾನಿ ಹೇಳಿದ್ದಾಳೆ. ಮುಂದಿನ ಮಳೆಗಾಲದೊಳಗೆ ಕೆಂಪಿ ಮೊದಲಿನಂತೆ ಸವಾರರನ್ನು ಹೊತ್ತರೆ ಸರಿ, ಇಲ್ಲದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತಾಳೆ. ಯಜಮಾನಿ ಕೆಟ್ಟವಳಲ್ಲ, ಇಷ್ಟು ದಿನ ಸುಮ್ಮನೆ ನಿಂತ ಕುದುರೆಗೆ ಮೇವು ಹಾಕಿದ್ದಳು. ಆದರೆ ಅಪ್ಪನ ಕೈ ಆಡಿದ ಜೀವ ಎಂದು ಪುಟ್ಟಿಗೆ ಉಳಿದಿದ್ದು ಕೆಂಪಿಯೊಂದೇ. ಅದನ್ನು ಕಳೆದುಕೊಳ್ಳಲು ಅವಳು ಸುತರಾಂ ತಯಾರಿರಲಿಲ್ಲ.

"ಅಪ್ಪನ ಹಳೇ ಜೀನು ಈಗ ಅದರ ಮೇಲೆ ನಿಲ್ತಾ ಇಲ್ಲ, ದೊಡ್ಡಪ್ಪ. ಆ ಕಡೆ ಈ ಕಡೆ ಜಾರತ್ತೆ. ಚೌಕಟ್ಟಿಲ್ಲದ ಜೀನು ಒಂದು ತಗೊಳ್ಳೋಣ ಅಂತಿದೀನಿ."

ಗೋಡೆಯ ಕಡೆಗಿದ್ದ ಮುಖ ಈ ಕಡೆ ತಿರುಗಿತು. "ಏನಿಲ್ಲದ್ದು?"

"ಚೌಕಟ್ಟು."

ದೊಡ್ಡಪ್ಪ ಎದ್ದು ಕೂತ. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಒಂದು ಪೂರ್ತಿ ವಾಕ್ಯ ಬಂತು. ಅದು ಜೀನಲ್ಲ, ಹಾಸಿಗೆ. ಬೇಕಾದರೆ ತಾನು ಈಗ ಮಲಗಿರುವುದನ್ನೇ ಎತ್ತಿಕೊಂಡು ಹೋಗಿ ಕುದುರೆಗೆ ಕಟ್ಟು ಎಂದ. ಮಾತಿಗೆ ಮಾತು ಬೆಳೆಯಿತು. ಜಗಳ ಮುಗಿಯುವ ಮೊದಲೇ ಅವನು ಅಂಗಿ ಹುಡುಕಿ ತೊಟ್ಟು, ಬೀಗದ ಕೈ ತೆಗೆದುಕೊಂಡು, ಹುಡುಗಿಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಅಂಗಡಿಗೆ ನಡೆದ. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪುಟ್ಟಿ ತಿರುಗಿ ಅದನ್ನು ನೋಡಿದಳು.

ಅಂಗಡಿಯಲ್ಲಿ ಅವನ ಪಾಠ ಶುರುವಾಯಿತು. ಮೊದಲು ಚೌಕಟ್ಟಿಲ್ಲದ್ದು: ಚರ್ಮ ಮತ್ತು ಮೆತ್ತೆ, ಅಷ್ಟೆ. ಯಾವ ಬೆನ್ನಿಗೆ ಹಾಕಿದರೂ ಆ ಬೆನ್ನಿನ ಆಕಾರಕ್ಕೆ ಕೂರುತ್ತದೆ, ನಿಜ. ಆದರೆ ಭಾರ ಹಂಚುವವರು ಯಾರು? ಸವಾರ ಕೂತಲ್ಲೇ ಭಾರ, ಕೆಳಗೇ ಬೆನ್ನೆಲುಬು. ಪುಟ್ಟಿ ಒಪ್ಪಲಿಲ್ಲ. ನಡುವೆ ಬೆನ್ನೆಲುಬಿಗೆ ತಾಗದಂತೆ ಓಣಿ ಬಿಟ್ಟು ದಪ್ಪ ಮೆತ್ತೆ ಹಾಕುತ್ತಾರೆ, ತಾನು ಕಡ್ಡಿಯ ಹಾಗಿದ್ದೇನೆ, ದಿನಾ ಸ್ವಲ್ಪ ಹೊತ್ತು ಮಾತ್ರ ಕೂರುತ್ತೇನೆ ಎಂದಳು. ಆಮೇಲೆ ಬಾಗುವ ಚೌಕಟ್ಟಿನದು: ವ್ಯಾಪಾರಿಯೊಬ್ಬ ಮಾದರಿಗೆಂದು ಬಿಟ್ಟುಹೋದ ಜೀನು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ದೊಡ್ಡಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದ, ಅದು ಅಷ್ಟಿಷ್ಟು ಬಾಗಿತು. ಎಲ್ಲಿ ಬಾಗಬೇಕು, ಎಷ್ಟು ಬಾಗಬೇಕು ಎಂದು ಇದಕ್ಕೆ ಯಾರು ಹೇಳಿಕೊಟ್ಟರು ಎಂದು ಕೇಳಿ ಅದನ್ನು ಮತ್ತೆ ಮೂಲೆಗೆ ಎಸೆದ. ಕೊನೆಗೆ ತಲೆಯ ಮೇಲಿನಿಂದ ತನ್ನ ಗಟ್ಟಿ ಚೌಕಟ್ಟೊಂದನ್ನು ಇಳಿಸಿ ಮೇಜಿನ ಮೇಲಿಟ್ಟ. ಅದರ ಬಗ್ಗೆ ಏನೂ ಹೇಳಲಿಲ್ಲ.

ಪುಟ್ಟಿ ಆಗ ಒಂದು ಮಾತು ಹೇಳಿದಳು. ಹೇಳಿದ್ದಳು ಎಂಬುದು ಮುಖ್ಯ.

"ಅದರ ಬೆನ್ನು ಹೀಗೇ ಇರಲ್ಲ ದೊಡ್ಡಪ್ಪ. ಮೇವು ತಿಂದು ಓಡಾಡೋಕೆ ಶುರು ಮಾಡಿದ್ರೆ ತುಂಬ್ಕೊಳ್ಳತ್ತೆ."

"ತುಂಬ್ಕೊಂಡಾಗ ನೋಡೋಣ," ಎಂದ ದೊಡ್ಡಪ್ಪ. "ಅಳತೆ ಅಂದ್ರೆ ಇವತ್ತಿಂದು. ನಾಳೆ ಹೇಗಿರತ್ತೋ ಅಂತ ಯಾರಾದ್ರೂ ಅಳತೆ ತಗೊಳ್ತಾರಾ?"

ಆ ದಿನ ದೊಡ್ಡಪ್ಪ ಮನೆಗೆ ಹೋಗಿ ಎರಡು ಸಲ ಬಡಿಸಿಕೊಂಡು ಉಂಡ.

ಮರುದಿನ ಅವನು ಲಾಯಕ್ಕೆ ಹೋಗಿ ಕೆಂಪಿಯ ಅಳತೆ ತೆಗೆದ. ಅವನು ಅಳೆಯುವುದು ಸೀಸದ ಪಟ್ಟಿಯಿಂದ. ಮೆತ್ತಗಿನ ಲೋಹ, ಕುದುರೆಯ ಬೆನ್ನಿನ ಮೇಲೆ ಅಡ್ಡಡ್ಡ ಇಟ್ಟು ಎರಡೂ ಪಕ್ಕ ಒತ್ತಿದರೆ ಬೆನ್ನಿನ ಆಕಾರ ಹಿಡಿದು ಹಾಗೇ ನಿಲ್ಲುತ್ತದೆ. ಕುತ್ತಿಗೆ ಮುಗಿಯುವ ದಿಬ್ಬದ ಹಿಂದೊಮ್ಮೆ, ನಡುಬೆನ್ನಿಗೊಮ್ಮೆ, ಕೊನೆಯ ಪಕ್ಕೆಲುಬಿನ ಹತ್ತಿರ ಇನ್ನೊಮ್ಮೆ. ಪ್ರತಿ ಸಲವೂ ಅದನ್ನು ಅಲುಗದಂತೆ ಎತ್ತಿ ರಟ್ಟಿನ ಮೇಲಿಟ್ಟು ಗೆರೆ ಎಳೆದುಕೊಂಡ. ಕೆಂಪಿ ತಲೆ ಕೆಳಗೆ ಹಾಕಿ ನಿಂತಿತ್ತು. ಅವನ ಬೆರಳಿಗೆ ಪಕ್ಕೆಲುಬುಗಳು ಒಂದೊಂದಾಗಿ ಸಿಕ್ಕುತ್ತಿದ್ದವು. ಕೊನೆಯ ದಿನಗಳಲ್ಲಿ ತಮ್ಮನ ಬೆನ್ನು ಹೇಗಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ, ನೋಡಿರಲಿಲ್ಲ. ಹೀಗೇ ಇದ್ದಿರಬೇಕು ಎಂದುಕೊಂಡ. ಹಾಗೆಂದುಕೊಂಡದ್ದೇ ಗೆರೆ ತಪ್ಪಿತು, ಒಂದು ಅಳತೆಯನ್ನು ಮತ್ತೆ ತೆಗೆಯಬೇಕಾಯಿತು.

ಜೀನು ಮಾಡಲು ಚಳಿಗಾಲದ ಉಳಿದ ದಿನಗಳೆಲ್ಲ ಹಿಡಿದವು. ಅಂಥ ಕೆಲಸವನ್ನು ಅವನು ಹಿಂದೆ ಮಾಡಿರಲಿಲ್ಲ, ಮುಂದೆ ಮಾಡಲೂ ಇಲ್ಲ. ಆ ತಗ್ಗಿದ ಬೆನ್ನಿಗೆ ಸರಿಯಾಗಿ ಚೌಕಟ್ಟನ್ನು ಕೆತ್ತಿದ, ತಗ್ಗಿದ್ದಲ್ಲಿ ಕೂದಲೆಳೆಯಷ್ಟೂ ಎಡೆ ಬಿಡದಂತೆ ಉಣ್ಣೆ ತುಂಬಿದ. ಹೊಲಿಗೆ ಸರಿಯಿಲ್ಲವೆಂದು ತಾನೇ ಬಿಚ್ಚಿ ತಾನೇ ಮತ್ತೆ ಹಾಕಿದ. ಬಾಗಿಲ ತನಕ ಹೋಗಿ ಹಿಂದಿರುಗಿದ ದಿನಗಳೆಲ್ಲ ಆ ಜೀನಿನೊಳಗೆ ಹೋದವು. ಇದನ್ನು ಅವನು ಯಾರಿಗೂ ಹೇಳಲಿಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೆಂಡತಿ ಊಟದ ಡಬ್ಬಿ ಅಂಗಡಿಗೇ ತಂದು ಕೊಡುತ್ತಿದ್ದಳು, ಚುಚ್ಚುವುದನ್ನು ಬಿಟ್ಟಿದ್ದಳು.

ಮೊದಲ ಸವಾರಿಯ ದಿನ ಜೀನು ಕೆಂಪಿಯ ಮೈಯಲ್ಲೇ ಬೆಳೆದ ಹಾಗೆ ಕೂತಿತು. ಯಜಮಾನಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ಇಂಥ ಕೈ ಇನ್ನು ಹುಟ್ಟುವುದಿಲ್ಲ ಎಂದಳು. ಪುಟ್ಟಿ ಹತ್ತಿ ಮೈದಾನ ಸುತ್ತಿದಳು. ಕೆಂಪಿ ಕುತ್ತಿಗೆ ಚಾಚಿ ಹಗುರವಾಗಿ ನಡೆಯಿತು. ಬೇಲಿಗೆ ಒರಗಿ ನಿಂತ ದೊಡ್ಡಪ್ಪ ಎಲ್ಲರೆದುರಿಗೇ ಗಳಗಳನೆ ಅತ್ತ. ತಮ್ಮ ಸತ್ತಾಗಲೂ ಅವನು ಅತ್ತಿರಲಿಲ್ಲ.

ಅಲ್ಲಿಂದ ಕೆಲವು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಕೆಂಪಿ ಮೇವು ತಿಂದಿತು, ಓಡಾಡಿತು, ಮೈಗೆ ಹೊಳಪು ಬಂತು. ಬಿಸಿಲು ಏರುವ ಹೊತ್ತಿಗೆ ಅದರ ನಡತೆ ಕೆಡತೊಡಗಿತು. ಜೀನು ಕಂಡರೆ ಕಿವಿ ಹಿಂದಕ್ಕೆ ಒತ್ತುತ್ತಿತ್ತು. ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬರುತ್ತಿತ್ತು. ನಡೆಯುತ್ತಿತ್ತು, ಆದರೆ ಓಡು ಎಂದರೆ ಬೆನ್ನು ತಗ್ಗಿಸಿ, ಬಾಲ ಬೀಸಿ, ನಿಂತುಬಿಡುತ್ತಿತ್ತು. ಪುಟ್ಟಿ ಬಂದು ಜೀನು ಒತ್ತುತ್ತಿರಬೇಕು ಎಂದಳು. ದೊಡ್ಡಪ್ಪ ತಕ್ಷಣ ಬಂದು ಜೀನಿನಡಿ ಅಂಗೈ ತೂರಿಸಲು ನೋಡಿದ. ಒಂದು ಬೆರಳಿನಷ್ಟು ಸಂದಿಯೂ ಇಲ್ಲ. ಮೊದಲ ದಿನ ಹೇಗೆ ಕೂತಿತ್ತೋ ಹಾಗೇ ಕೂತಿದೆ. ಅವನ ಕಸುಬಿನಲ್ಲಿ ಸಂದಿ ಇದ್ದರೆ ತಪ್ಪು, ಇಲ್ಲದಿದ್ದರೆ ಸರಿ. ಜೀನಿನಲ್ಲಿ ದೋಷವಿಲ್ಲ, ಒಂದು ವರ್ಷ ನಿಂತು ತಿಂದ ಕುದುರೆಗೆ ಸೋಮಾರಿತನ ಹತ್ತಿದೆ, ಹುಡುಗಿ ಕೈ ಬಿಗಿ ಮಾಡಬೇಕು ಎಂದು ತೀರ್ಪು ಕೊಟ್ಟ. ಜೀನಿನ ವಿಷಯದಲ್ಲಿ ಆ ಶಾಲೆಯಲ್ಲಿ ಅವನ ಮಾತೇ ಕೊನೆ. ಪುಟ್ಟಿ ಕೋಲು ಹಿಡಿದಳು. ಅವಳ ಅಪ್ಪ ಕೆಂಪಿಗೆ ಒಂದು ದಿನವೂ ಕೋಲು ತೋರಿಸಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಯಾವುದೋ ಲಗಾಮು ಕೊಡಲು ಮೈದಾನಕ್ಕೆ ಹೋದ ದೊಡ್ಡಪ್ಪನಿಗೆ ಒಂದು ನೋಟ ಕಂಡಿತು. ಕೆಂಪಿ ಓಡುತ್ತಿತ್ತು. ಕಿವಿ ಮುಂದೆ, ಬಾಲ ಸುಮ್ಮನೆ. ಪುಟ್ಟಿ ಕೂತಿದ್ದದ್ದು ಯಾರಿಂದಲೋ ಕೇಳಿ ತಂದ, ಚೌಕಟ್ಟಿಲ್ಲದ ಜೀನಿನ ಮೇಲೆ. ಅವನ ಜೀನು ಬೇಲಿಯ ಮೇಲೆ ಕೂತಿತ್ತು.

ಆಗ ಅವನು ಕುದುರೆಯನ್ನು ನೋಡಬೇಕಿತ್ತು. ನೋಡಿದ್ದು ಬೇಲಿಯನ್ನು. ಲಗಾಮನ್ನು ಅಲ್ಲೇ ನೇತುಹಾಕಿ ಮನೆಗೆ ಬಂದ. ಊಟಕ್ಕೆ ಏಳಲಿಲ್ಲ. ಮರುದಿನವೂ ಅಂಗಡಿಯ ಬೀಗ ತೆಗೆಯಲಿಲ್ಲ. ಹೆಂಡತಿ ಗಾಬರಿಯಾಗಿ ಪುಟ್ಟಿಗೆ ಹೇಳಿ ಕಳಿಸಿದಳು. ಪುಟ್ಟಿ ಬಂದು ನೋಡಿದರೆ ಅದೇ ಮಂಚ, ಅದೇ ಗೋಡೆ, ಆ ಕಡೆ ತಿರುಗಿದ ಅದೇ ಬೆನ್ನು. ಅವಳು ಮಂಚದ ತುದಿಯಲ್ಲಿ ಕೂತು, ಕೇಳಿ ತಂದ ಆ ಜೀನನ್ನು ವಾಪಸ್ಸು ಕೊಟ್ಟುಬಿಟ್ಟೆ, ಸುಮ್ಮನೆ ಒಂದು ಸಲ ನೋಡೋಣ ಎಂದು ಹಾಕಿದ್ದೆ ಅಷ್ಟೆ, ನಾಳೆಯಿಂದ ನಿಮ್ಮದೇ ಎಂದಳು. ದೊಡ್ಡಪ್ಪ ಸಂಜೆಗೆ ಎದ್ದು ಮುಖ ತೊಳೆದ. ಹುಡುಗಿಗೆ ಬುದ್ಧಿ ಬಂತು ಎಂದು ಹೆಂಡತಿಯ ಹತ್ತಿರ ಹೇಳಿದ. ಅವಳು ಹೂಂಗುಟ್ಟಿದಳು.

ಮಳೆ ಹತ್ತಿರವಾಗುತ್ತಿದ್ದಾಗ ಕೆಂಪಿ ಪುಟ್ಟಿಯನ್ನು ಎಸೆಯಿತು. ಓಡು ಎಂದು ಕೋಲು ತಾಗಿಸಿದ್ದೇ ತಡ, ಬೆನ್ನು ಕಮಾನು ಮಾಡಿ ಎರಡು ಸಲ ಕುಪ್ಪಳಿಸಿತು. ಅವಳು ಬೇಲಿಯ ಕಂಬಕ್ಕೆ ಬಡಿದು ಬಿದ್ದಳು. ಕೊರಳ ಬುಡದ ಎಲುಬು ಮುರಿಯಿತು. ಮೈದಾನದಲ್ಲಿ ಸವಾರಿ ಕಲಿಯುವ ಮಕ್ಕಳಿದ್ದರು, ಅವರ ತಾಯಂದಿರಿದ್ದರು. ಯಜಮಾನಿ ಇನ್ನು ಕಾಯುವಂತಿರಲಿಲ್ಲ.

ಅವಳು ದೊಡ್ಡಪ್ಪನನ್ನೂ ಪುಟ್ಟಿಯನ್ನೂ ಲಾಯದ ಪಕ್ಕದ ತನ್ನ ಕೋಣೆಗೆ ಕರೆಸಿದಳು. ಪುಟ್ಟಿಯ ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು, ಮುಖ ಬಿಳಿಚಿತ್ತು. ಯಜಮಾನಿ ನೇರವಾಗಿ ಕೇಳಿದಳು: ತಪ್ಪು ಜೀನಿನದೋ ಕುದುರೆಯದೋ? ಜೀನಿನದಾದರೆ ಇನ್ನೊಂದು ಜೀನು ಹಾಕಿ ಇನ್ನೊಂದಷ್ಟು ತಿಂಗಳು ನೋಡೋಣ. ಕುದುರೆಯದಾದರೆ ಅದು ಇಲ್ಲಿರುವುದು ಬೇಡ.

"ಜೀನಲ್ಲಿ ತಪ್ಪಿಲ್ಲ," ಎಂದ ದೊಡ್ಡಪ್ಪ. "ಅದಕ್ಕೆ ಮೊಂಡುತನ. ನನ್ನ ತಮ್ಮ ಮುದ್ದು ಮಾಡಿ ಕೆಡಿಸಿದ್ದ."

ಯಜಮಾನಿ ಪುಟ್ಟಿಯ ಕಡೆ ತಿರುಗಿ, ದಿನಾ ಏರುವವಳು ನೀನು, ನೀನು ಹೇಳು ಎಂದಳು. ಪುಟ್ಟಿ ದೊಡ್ಡಪ್ಪನನ್ನು ನೋಡಿದಳು. ಅವನ ಅಂಗಿಯ ಗುಂಡಿಗಳು ತಪ್ಪು ತೂತಿನಲ್ಲಿದ್ದವು. ಸುದ್ದಿ ಕೇಳಿ ಹಾಗೇ ಓಡಿಬಂದಿದ್ದ. ಅವಳು ಅದನ್ನೇ ನೋಡುತ್ತ ನಿಂತಳು.

"ದೊಡ್ಡಪ್ಪ ಹೇಳಿದ ಹಾಗೆ," ಎಂದಳು.

ಆ ವಾರವೇ ಕೆಂಪಿ ಹೋಯಿತು. ಪುಟ್ಟಿ ಒಂದೇ ಕೈಯಲ್ಲಿ ಅದರ ಮೈ ಉಜ್ಜಿ ಗಾಡಿಗೆ ಹತ್ತಿಸಿದಳು. ದೊಡ್ಡಪ್ಪನಿಗೆ ಅವತ್ತೂ ಒಂದು ತುರ್ತು ಕೆಲಸವಿತ್ತು.

ಮಳೆ ಬಂದು ಹೋಯಿತು. ಅದರ ನಂತರದ ಚಳಿಯೂ ಮುಗಿದು ಕುದುರೆಗಳು ಹಳೆಯ ಕೂದಲು ಉದುರಿಸಿ ಹೊಸದು ತೊಡುವ ಕಾಲ ಬಂತು. ಹೆಂಡತಿಯ ಕಡೆಯ ಯಾರನ್ನೋ ಆಸ್ಪತ್ರೆಯಲ್ಲಿ ನೋಡಿಕೊಂಡು ಬರಲು ದೊಡ್ಡಪ್ಪ ಪಕ್ಕದ ಊರಿಗೆ ಹೋಗಿದ್ದ. ಈ ಸಲ ಅವನು ಒಳಗೆ ಹೋದ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ, ರೋಗಿಯ ಕೈಯನ್ನೂ ಹಿಡಿದ. ಹೊರಗೆ ಬಂದು ಬಸ್ಸಿಗೆ ಹೊತ್ತಿದೆಯೆಂದು ಕೆರೆಯ ದಂಡೆಗೆ ನಡೆದ. ಅಲ್ಲಿ ಒಬ್ಬ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಸುತ್ತು ಹೊಡೆಸುತ್ತಿದ್ದ. ಕುದುರೆಯ ಬೆನ್ನಿಗೆ ಜೀನೇ ಇರಲಿಲ್ಲ. ಮಡಿಸಿದ ಕಂಬಳಿ, ಅದರ ಮೇಲೊಂದು ಪಟ್ಟಿ.

ಕಸುಬಿನವನ ಕಣ್ಣು ಮೊದಲು ಕಂಬಳಿಯನ್ನು ಕಂಡು ಸಿಡುಕಿತು. ಆಮೇಲೆ ಕುದುರೆಯನ್ನು ಕಂಡಿತು.

ಆ ಮನುಷ್ಯ ಮಾತುಗಾರ. ಇದಕ್ಕಿಂತ ಸಾಧು ಪ್ರಾಣಿ ಇನ್ನೊಂದಿಲ್ಲ, ಹಾಲು ಹಲ್ಲಿನ ಮಕ್ಕಳನ್ನೂ ಕಣ್ಣು ಮುಚ್ಚಿ ಕೂರಿಸುತ್ತೇನೆ, ಕೊಟ್ಟವರು ಮೊಂಡು ಎಂದಿದ್ದರು, ಅವರಿಗೆ ಮೊಂಡು ಅಂದರೇನು ಗೊತ್ತಿಲ್ಲ ಎಂದ. ಬೇಕಾದರೆ ಹತ್ತಿರ ಹೋಗಿ ನೋಡಿ ಎಂದು ಕಂಬಳಿ ಎತ್ತಿದ.

ಬೆನ್ನು ತುಂಬಿಕೊಂಡಿತ್ತು. ಬೆನ್ನೆಲುಬು ಕಾಣದಂತೆ ಎರಡೂ ಪಕ್ಕ ಮಾಂಸ ದುಂಡಗೆ ಏರಿತ್ತು, ತಮ್ಮ ಏರುತ್ತಿದ್ದ ಕಾಲದಲ್ಲಿ ಇದ್ದ ಹಾಗೇ. ಹೆಗಲ ದಿಬ್ಬದ ಹಿಂದೆ, ಈ ಪಕ್ಕ ಆ ಪಕ್ಕ, ಅಂಗೈಯಗಲ ಜಾಗದಲ್ಲಿ ಹೊಸ ಕೂದಲು ಬೆಳ್ಳಗೆ ಬಂದಿತ್ತು. ಕೆಂಪಿಯ ಮೈಯಲ್ಲಿ ಎಂದೂ ಒಂದು ಬಿಳಿ ಕೂದಲು ಇರಲಿಲ್ಲ. ಬಹಳ ಕಾಲ ಒತ್ತಿ ಒತ್ತಿ ಕೂದಲಿನ ಬುಡದ ಬಣ್ಣ ಸತ್ತ ಕಡೆ ಮಾತ್ರ ಕೂದಲು ಹಾಗೆ ಬರುತ್ತದೆ, ಮತ್ತೆ ಯಾವತ್ತೂ ಬಣ್ಣ ತಿರುಗುವುದಿಲ್ಲ. ಬೇರೆಯವರ ಕೈಕೆಲಸದಲ್ಲಿ ಅದನ್ನು ಅವನು ಎಷ್ಟೋ ಸಲ ಕಂಡು ಬೈದಿದ್ದ. ಈ ಎರಡು ಗುರುತು ಇದ್ದದ್ದು ಅವನ ಚೌಕಟ್ಟಿನ ಮುಂದಿನ ಕಮಾನಿನ ಎರಡು ತುದಿಗಳು ಊರಿದ ಜಾಗದಲ್ಲಿ.

ನಿಂತಲ್ಲೇ ಅವನಿಗೆ ಎಲ್ಲ ತಿಳಿಯಿತು. ಅವನು ಅಳತೆ ತೆಗೆದದ್ದು ಕೆಂಪಿಯ ಬೆನ್ನಿನದಲ್ಲ, ಅದರ ನವೆದುಹೋದ ಸ್ಥಿತಿಯದು. ಅದಕ್ಕೇ ಸರಿಯಾಗಿ, ಒಂದಿಷ್ಟೂ ಎಡೆ ಬಿಡದೆ, ಮರ ಕೆತ್ತಿ ಕೂರಿಸಿದ್ದ. ಕುದುರೆ ಚೇತರಿಸಿಕೊಂಡು ಬೆನ್ನು ತುಂಬಲು ಹೊರಟಾಗ ತುಂಬಲು ಜಾಗವೇ ಇರಲಿಲ್ಲ. ಚೂರು ಮಾಂಸ ಏರಿದರೆ ಮರ ಅದನ್ನು ಅರೆಯುತ್ತಿತ್ತು. ಅವನು ಅಂಗೈ ತೂರಿಸಲು ಹೋಗಿ ಸಂದಿ ಇಲ್ಲ, ಸರಿಯಾಗಿದೆ ಎಂದದ್ದು ಅದನ್ನೇ. ಗಟ್ಟಿ ಚೌಕಟ್ಟಾದರೂ ನಡೆಯುತ್ತಿತ್ತು; ಅಗಲವಾಗಿ ಕೆತ್ತಿ, ಕೆಳಗೆ ಮೆತ್ತೆ ಇಟ್ಟು, ಬೆನ್ನು ಬೆಳೆದಂತೆ ಒಂದೊಂದೇ ತೆಗೆಯುತ್ತ ಹೋಗಬಹುದಿತ್ತು. ಬಾಗುವ ಚೌಕಟ್ಟಿನದೂ ಆಗುತ್ತಿತ್ತು, ಹುಡುಗಿ ಕೇಳಿದ ಚೌಕಟ್ಟಿಲ್ಲದ್ದೂ ಆಗುತ್ತಿತ್ತು. ಮೂರರಲ್ಲಿ ಯಾವುದಾದರೂ ಸರಿಯೇ, ನಾಳೆಗೆ ಒಂದಿಷ್ಟು ಜಾಗ ಬಿಟ್ಟಿದ್ದರೆ. ತಾನು ತಮ್ಮನಿಗೆ ಸಲ್ಲಿಸಿದ ಸೇವೆ ಎಂದು ಒಳಗೊಳಗೇ ತಲೆಯ ಮೇಲೆ ಹೊತ್ತುಕೊಂಡಿದ್ದ ಆ ಜೀನು, ತಮ್ಮನ ಕುದುರೆಯನ್ನು ದಿನವೂ ಕೊರೆದಿತ್ತು. ಅದು ನೋವೆಂದು ಹೇಳಿದಾಗ ಕೋಲು ಹಿಡಿಸಿದವನೂ ತಾನೇ.

ಅವನು ಕೈ ಚಾಚಿ ಆ ಬಿಳಿ ಜಾಗ ಮುಟ್ಟಿದ. ಕೆಂಪಿ ಬೆನ್ನು ತಗ್ಗಿಸಿ ಪಕ್ಕಕ್ಕೆ ಸರಿಯಿತು. ಈ ಕುದುರೆ ಯಾರಿಗೂ ಹೀಗೆ ಮಾಡುವುದಿಲ್ಲವಲ್ಲ ಎಂದು ಅದರ ಯಜಮಾನ ಆಶ್ಚರ್ಯಪಟ್ಟ. ವಾಪಸ್ಸು ಕೊಡುತ್ತೀರಾ ಎಂದು ದೊಡ್ಡಪ್ಪ ಕೇಳಿದ. ಆ ಮನುಷ್ಯ ನಕ್ಕು, ಮನೆ ನಡೆಯುತ್ತಿರುವುದೇ ಇದರಿಂದ, ಇದನ್ನು ಕೊಡುತ್ತಾರೆಯೇ ಎಂದ. ದೊಡ್ಡಪ್ಪ ಮತ್ತೊಮ್ಮೆ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು.

ಬಸ್ಸಿಳಿದವನು ಮನೆಗೆ ಹೋಗದೆ ನೇರ ಲಾಯಕ್ಕೆ ಹೋದ. ಮಕ್ಕಳೆಲ್ಲ ಹೋಗಿಯಾಗಿತ್ತು. ಪುಟ್ಟಿ ಖಾಲಿ ಬಕೆಟ್ಟುಗಳನ್ನು ತೊಳೆದು ಕವುಚಿ ಹಾಕುತ್ತಿದ್ದಳು. ಮುರಿದು ಕೂಡಿದ ಕಡೆಯ ಕೈ ಈಗಲೂ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ದೊಡ್ಡಪ್ಪ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬಾಗಿಲಲ್ಲೇ ನಿಂತು, ಕೆಂಪಿಯನ್ನು ನೋಡಿದೆ ಎಂದ. ಬೆನ್ನ ಮೇಲೆ ಎರಡೂ ಪಕ್ಕ ಬಿಳಿ ಬಂದಿದೆ ಎಂದ. ತಪ್ಪು ಕುದುರೆಯದಲ್ಲ, ನನ್ನದು ಎಂದು ಹೇಳಿ ಗೋಡೆಗೆ ಆತುಕೊಂಡ.

ಪುಟ್ಟಿ ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಗೊತ್ತು ದೊಡ್ಡಪ್ಪ."

"ಯಾವಾಗಿಂದ?"

"ಆ ಚೌಕಟ್ಟಿಲ್ಲದ್ದು ಹಾಕಿ ಓಡಿಸಿದೆನಲ್ಲ, ಅವತ್ತಿಂದ."

ದೊಡ್ಡಪ್ಪನಿಗೆ ಯಜಮಾನಿಯ ಕೋಣೆ ಕಣ್ಣ ಮುಂದೆ ಬಂತು. ಕೇಳಿದಾಗ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ಕೇಳಿದ್ದಲ್ಲ, ಬೇಡಿಕೊಂಡದ್ದು. ಒಂದು ಮಾತು ಹೇಳಿದ್ದರೆ ಕುದುರೆ ಉಳಿಯುತ್ತಿತ್ತಲ್ಲ, ನಿನಗೆ ಉಳಿದಿದ್ದೇ ಅದೊಂದಲ್ಲವೇ ಎಂದ. ಪುಟ್ಟಿ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಹೇಳಿದ್ರೆ ನೀವು ಮತ್ತೆ ಆ ಗೋಡೆ ಕಡೆ ತಿರುಗಿ ಮಲಗ್ತಿದ್ರಿ," ಎಂದಳು. "ಅಪ್ಪ ಹೋಗೋದನ್ನ ಒಂದು ಸಲ ನೋಡಿದ್ದೆ. ಇನ್ನೊಂದು ಸಲ ನನ್ನ ಕೈಲಿ ಆಗ್ತಿರ್ಲಿಲ್ಲ. ಅದಕ್ಕೇ ಕೆಂಪೀನ ಬಿಟ್ಟುಕೊಟ್ಟೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗಾದರೂ ನಿಲ್ಲುತ್ತಿದ್ದ. ಅವನು ಹುಲ್ಲಿನ ಕಟ್ಟಿನ ಮೇಲೆ ಕೂತ. ಪುಟ್ಟಿ ಅವನ ಪಕ್ಕ ಬಂದು ಕೂರಲಿಲ್ಲ, ದೂರವೂ ಹೋಗಲಿಲ್ಲ. ಉಳಿದ ಬಕೆಟ್ಟುಗಳನ್ನು ಒಂದೊಂದಾಗಿ ತೊಳೆದು ಮುಗಿಸಿದಳು. ಆಮೇಲೆ, ದೊಡ್ಡಮ್ಮ ಊಟಕ್ಕೆ ಕಾಯ್ತಿರ್ತಾರೆ, ಏಳಿ ಎಂದಳು. ಅವನು ಎದ್ದ. ಅಷ್ಟು ದೊಡ್ಡದನ್ನು ಕೊಟ್ಟು ತನ್ನನ್ನು ಉಳಿಸಿಕೊಂಡಿದ್ದಾಳೆ. ಇನ್ನು ಊಟ ಬೇಡ ಎನ್ನುವ ಹಾಗೂ ಇರಲಿಲ್ಲ.